ಮೈಸೂರಿಗೆ ಹೊರಟ ಮ್ಯಾನೇಜರ್

ಶಿಡ್ಲಘಟ್ಟ
೪-೧೧-೧೯೬೧

ಪ್ರೀತಿಯ ವರಲಕ್ಷ್ಮಿಗೆ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದ ಸೋಮಾರಿಯನ್ನು ಬೈದುಕೊಂಡೇ ಓದು. ಗೌರಿಬಿದನೂರಿನಲ್ಲಿ ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಸ್ಕೂಲಿನ ಐದು ಹುಡುಗಿಯರು ಮೈಸೂರಿನ ದಸರಾ ಆಟಕ್ಕೆ ಆಯ್ಕೆಯಾದರು. ಮೂರು ವರ್ಷ, ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಅವರಿಗೆ ಬಾಲ್ ಬ್ಯಾಡ್ಮಿಂಟನ್ ಕಲಿಸಿದವಳು ನಾನು. ಹಾಗಾಗಿ ತಂಡದ ಮ್ಯಾನೇಜರ್ ಆಗಿಯೂ ನಾನೇ ಹೋಗುತ್ತೇನೆಂದು ಕ್ರೀಡಾ ಸಮಿತಿಗೆ ಅರ್ಜಿ ಕೊಟ್ಟೆ. ಹೆಂಗಸೊಬ್ಬಳು ಅಂಥ ಅರ್ಜಿ ಕೊಟ್ಟದ್ದು ಇದೇ ಮೊದಲಂತೆ. ಗಂಡ ಹೋದ ಮೇಲೆ ರೇಷ್ಮೆ ನೂಲು ತೆಗೆದು ಟೀಚರ್ ಟ್ರೈನಿಂಗ್ ಮುಗಿಸಿದವಳಿಗೆ ಅಳುಕೇನು?

ಅಧ್ಯಕ್ಷರಾದ ವೆಂಕಟರವಣಪ್ಪನವರು, “ಟೀಚರಮ್ಮ, ಆಟ ನೀವು ಕಲ್ಸಿ, ಯಾರು ಬ್ಯಾಡ ಅಂತಾರೆ? ಮ್ಯಾನೇಜರ್ ಅಂದ್ರೆ ಮುಂದೆ ನಡೆಯೋರು. ಮುಂದೆ ನಡೆಯೋಕೆ...” ಎಂದವರು ನನ್ನ ಬರಿ ಹಣೆ ನೋಡಿ ನಿಲ್ಲಿಸಿದರು.

“ಹೇಳಿ ಸ್ವಾಮಿ, ಯಾಕೆ ನಿಲ್ಲಿಸಿದ್ರಿ?”

“ನೀವು ಬುದ್ಧಿವಂತ್ರು, ಹೇಳ್ಬೇಕೇನಮ್ಮ?”

ಜನ ನನ್ನನ್ನು ಬುದ್ಧಿವಂತೆ ಎಂದಾಗಲೆಲ್ಲ ಕೈಯಿಂದ ಏನೋ ಒಂದನ್ನು ಕಿತ್ತುಕೊಂಡಿರುತ್ತಾರೆ.

ನನ್ನ ಬದಲಿಗೆ ಸಮಿತಿಯವರೇ ಆದ ಮುನಿಗಂಗಪ್ಪನವರನ್ನು ಹಾಕಿದರು. ಅವರು ನನ್ನನ್ನೇ ಕೇಳಿದರು: “ಒಂದ್ ಕಡೆ ಎಷ್ಟ್ ಜನಮ್ಮ ಆಡೋದು?” “ಐದು” ಎಂದೆ. ಬೀಡಿಕಟ್ಟಿನ ಮೇಲೆ ಬರೆದುಕೊಂಡರು.

ಕ್ಯಾಪ್ಟನ್ ಲಕ್ಷ್ಮೀನರಸಮ್ಮ ಸಮಿತಿಯ ಮುಂದೆ ಹೋಗಿ, “ಟೀಚರ್ ಬರದೇ ಇದ್ರೆ ನಾವ್ಯಾರೂ ಹೋಗಲ್ಲ” ಎಂದು ನಿಂತುಬಿಟ್ಟಳು. ಹದಿನಾರರ ಹುಡುಗಿ ಕಣೇ! ಸಮಿತಿ ಬಗ್ಗಿತು, ನನ್ನ ಹೆಸರೇ ಬರೆದರು. ಆದರೆ ಹೊರಡುವ ದಿನ ಜ್ವರ ಬಂದು ಮಲಗಿದೆ. ಕಳಿಸಿಕೊಡಲು ಬಂದಿದ್ದ ಮುನಿಗಂಗಪ್ಪನವರೇ ಬಸ್ಸು ಹತ್ತಿದರು. ಹುಡುಗಿಯರು ಮೊದಲ ಪಂದ್ಯದಲ್ಲೇ ಸೋತು ಬಂದರು. “ಕೊಟ್ರೂ ಬರ್ಲಿಲ್ಲ, ನೋಡಿ” ಎಂದು ಸಮಿತಿಯವರು ಇನ್ನು ಹೆಂಗಸರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲವೆಂದು ನಿರ್ಣಯ ಬರೆದಿದ್ದಾರೆ. ಲಕ್ಷ್ಮೀನರಸಮ್ಮ ಆಟಕ್ಕೆ ಬರುವುದನ್ನು ಬಿಟ್ಟಳು. ದಾರಿಯಲ್ಲಿ ಕಂಡರೂ ಮಾತಾಡಿಸುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನ ಮಗಳು ಓಟದಲ್ಲಿ ಮುಂದಂತೆ, ಓಡಲಿ, ಬಿಡು.

ನಿನ್ನ
ಅಕ್ಕಯ್ಯಮ್ಮ

ತಾ.ಕ.: ಜ್ವರ ಬಂದಿರಲಿಲ್ಲ ಕಣೇ. ಟ್ರಂಕು ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೆ. ತಾಯಂದಿರು ಹುಡುಗಿಯರ ಹಣೆಗೆ ಕುಂಕುಮ ಇಡುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಹೊರಟ ಮಕ್ಕಳಿಗೆ ನಾನೆಲ್ಲಿ ಎದುರಾಗಿಬಿಡುತ್ತೇನೋ ಎಂದು ಕಾಲು ತಾನಾಗಿ ಗೋಡೆಯ ಮರೆಗೆ ಸರಿಯಿತು. “ಒಂದ್ ನಿಮಿಷ ಇರಣ್ಣ, ಟೀಚರ್ ಬರ್ತಾರೆ” ಎಂದು ಲಕ್ಷ್ಮೀನರಸಮ್ಮ ಕಂಡಕ್ಟರನ್ನು ಬೇಡುತ್ತಿದ್ದುದು ಕೇಳಿಸುತ್ತಿತ್ತು. ಬಸ್ಸು ಹೋದ ಮೇಲೆ ಈಚೆ ಬಂದೆ. ಅಲ್ಲಿ ನನ್ನನ್ನು ಯಾರೂ ತಡೆದಿರಲಿಲ್ಲ.