ಒಂದೇ ಮುಖಕ್ಕೆ ಮೈಬಣ್ಣ

ಅಜ್ಜಂಪುರ
ಭಾನುವಾರ, ೧೬ ನವೆಂಬರ್ ೧೯೮೬

ಮಗಳೇ ಮಾದು,

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಉತ್ತರ ಬರೆಯಲು ಎರಡು ಸಲ ಕೂತೆ. ಎರಡು ಸಲವೂ ಇಂಗ್ಲಿಷಿನಲ್ಲಿ ಶುರುಮಾಡಿ ಹರಿದುಹಾಕಿದೆ. ಆ ಭಾಷೆಯಲ್ಲಿ ನನಗೆ ವಾಕ್ಯಗಳು ಬೇಗ ಸಿಗುತ್ತವೆ, ನೆಪಗಳೂ ಅಷ್ಟೇ ಬೇಗ ಸಿಗುತ್ತವೆ. ಕನ್ನಡದಲ್ಲಿ ನನ್ನ ಕೈ ನಿಧಾನ. ಈ ಕಾಗದಕ್ಕೆ ಅದೇ ಒಳ್ಳೆಯದೇನೋ.

‘ಸಂಜೆಯ ಕೂಟ’ ಚಿತ್ರವನ್ನು ಮಾರುವುದಿಲ್ಲ, ಮುಂದಿನ ತಿಂಗಳು ಪುಟ್ಟಿಗೆ ಹದಿನಾರು ತುಂಬಿದಾಗ ಪಂಚನಹಳ್ಳಿಗೆ ಒಯ್ದು ಅವಳಿಗೇ ಕೊಡುತ್ತೇನೆ ಎಂದು ಬರೆದಿದ್ದೀಯ. ಕೊಡು. ಅವಳು ನಿನ್ನ ಒಡಹುಟ್ಟಿದ ತಂಗಿ. ನನ್ನನ್ನು ಹದಿಮೂರು ವರ್ಷದಿಂದ ಚಿಕ್ಕಮ್ಮ ಎನ್ನುತ್ತಾಳೆ, ಅದು ಬೇರೆ ಮಾತು. ಆದರೆ ಕೊಡುವ ಮೊದಲು ನಿನ್ನಲ್ಲಿ ಒಂದು ಕೋರಿಕೆಯಿದೆ. ಅದನ್ನು ಹೇಳಬೇಕಾದರೆ ಕಡೂರಿನ ಪ್ರದರ್ಶನದಲ್ಲಿ ನಿನ್ನ ಆ ಚಿತ್ರ ನೋಡಿದ ದಿನ ಏನಾಯಿತೆಂದು ಹೇಳಬೇಕು. ನೀನು ಆಗ ಹೊರಗೆ ಯಾರೊಡನೆಯೋ ಮಾತಾಡುತ್ತಿದ್ದೆ.

ನಮ್ಮ ಶಾಲೆಯಿಂದ ನಾಲ್ಕೈದು ಜನ ಟೀಚರುಗಳನ್ನು ಕರೆದುಕೊಂಡು ಬಂದಿದ್ದೆ. ಮನೆಗೆಲಸದ ತಿಪ್ಪಮ್ಮನೂ ನೋಡುತ್ತೇನೆಂದು ಹಟಮಾಡಿ ಬಸ್ಸು ಹತ್ತಿದ್ದಳು. ಗೋಡೆಯ ನಡುವೆ ಆ ದೊಡ್ಡ ಚಿತ್ರ. ಬದನೆಕಾಯಿ ಬಣ್ಣದ ಆಕಾಶ, ಅದರ ಕೆಳಗೆ ನಮ್ಮ ಮನೆಯ ಅಂಗಳ. ಯಾವ ಸಂಜೆಯೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಎಪ್ಪತ್ತಮೂರರ ಮೇ ತಿಂಗಳು, ಮಕ್ಕಳಿಲ್ಲದ ನಿನ್ನ ದೊಡ್ಡಪ್ಪ ಪಂಚಾಕ್ಷರಪ್ಪನವರೂ ದೊಡ್ಡಮ್ಮ ಸಾವಿತ್ರಮ್ಮನೂ ಎರಡೂವರೆ ವರ್ಷದ ಪುಟ್ಟಿಯನ್ನು ದತ್ತು ಕರೆದೊಯ್ದ ಸಂಜೆ. ಹಿರಿಯರು ಕೇಳಿದರು, ಅವರ ಮಾತು ತೆಗೆದುಹಾಕಲಾಗಲಿಲ್ಲ ಎಂದು ನಾನು ನಿನಗೆ ಹೇಳಿಕೊಂಡು ಬಂದ ಸಂಜೆ.

ಚಿತ್ರದಲ್ಲಿ ದೊಡ್ಡಮ್ಮನ ಮುಖ ಕೆಂಪು, ನಿಮ್ಮಪ್ಪನದು ಕಪ್ಪು. ಕಂಬದ ಹಿಂದೆ ನಿಂತ ಹುಡುಗಿಯದು, ಅಂದರೆ ನಿನ್ನದು, ಸುಣ್ಣದ ಹಾಗೆ ಬಿಳಿ. ದೊಡ್ಡಮ್ಮನ ಮಡಿಲಲ್ಲಿ ಹೊಸ ಫ್ರಾಕಿನ ಪುಟ್ಟಿ ಎಳೆ ಹಸಿರು. ನಾನು ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿದ್ದೇನೆ, ಕಣ್ಣು ಬೀದಿಯ ಕಡೆ. ನನ್ನ ಮುಖಕ್ಕೆ ಮಾತ್ರ ಮನುಷ್ಯರ ಮೈಬಣ್ಣ. ಮೂಗಿನ ಪಕ್ಕದ ಮಚ್ಚೆ ಕೂಡ ಇದ್ದಲ್ಲಿಯೇ ಇದೆ.

ಹೇಳಲು ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ಮಗಳು ಎಲ್ಲರನ್ನೂ ವಿಕಾರ ಮಾಡಿ ನನ್ನೊಬ್ಬಳನ್ನು ಚೆನ್ನಾಗಿ ಬರೆದಿದ್ದಾಳೆ ಎಂದುಕೊಂಡೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಕಲ್ಲಪ್ಪನವರು ತಮಾಷೆ ಮಾಡಿದರು: “ಏನ್ ಮೇಡಂ, ಡಬ್ಬೀಲಿ ಮೈಬಣ್ಣ ಒಬ್ರಿಗಾಗೋವಷ್ಟೇ ಉಳಿದಿತ್ತಾ?” ನಾನೂ ನಕ್ಕೆ. ಆಮೇಲೆ ಅವರಿಗೆಲ್ಲ ಪಾಠ ಮಾಡಿದೆ. ಇದು ಮಾಡರ್ನ್ ಶೈಲಿ, ಇಲ್ಲಿ ಬಣ್ಣ ವಸ್ತುವಿನದಲ್ಲ, ಭಾವನೆಯದು. ಹಸಿರು ಎಂದರೆ ಅಸೂಯೆ, ಇಂಗ್ಲಿಷಿನಲ್ಲಿ ಹಾಗೆಯೇ ಹೇಳುತ್ತಾರೆ, ಎಂದೆಲ್ಲ.

ತಿಪ್ಪಮ್ಮ ನನ್ನ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. “ಅಲ್ಲ ಕಣವ್ವ, ಆ ಕೂಸಿಗೆ ಯಾರ ಮ್ಯಾಲೆ ಹೊಟ್ಟೆಕಿಚ್ಚು?” ಎಂದಳು. “ಎಳೇದು, ಅದ್ಕೇ ಹಸಿರು. ಬಲಿಯಾಕ್ ಮುಂಚೆ ಕಿತ್ತವ್ರೆ.” ಮತ್ತೆ ಒಂದೊಂದೇ ಮುಖಕ್ಕೆ ಬೆರಳು ತೋರಿಸಿದಳು. ಸಾವಿತ್ರವ್ವನ ಮೊಕ ಕೆಂಪಗಾಗೈತೆ, ಯಜಮಾನ್ರ ಮೊಕ ಕಪ್ಪಿಟ್ಟೈತೆ, ನಮ್ಮ ಮಾದವ್ವ ಬಿಳಿಚ್ಕಂಡೈತೆ. ದಿನಾ ಆಡುವ ಮಾತುಗಳು. ನೀನು ಕನ್ನಡದಲ್ಲಿ ಬರೆದದ್ದನ್ನು ನಾನು ನಿಂತು ಇಂಗ್ಲಿಷಿನಲ್ಲಿ ಓದುತ್ತಿದ್ದೆ. ಕೊನೆಗೆ ಅವಳ ಬೆರಳು ನನ್ನ ಮುಖಕ್ಕೆ ಬಂತು. ಸ್ವಲ್ಪ ಹೊತ್ತು ನೋಡಿ, ಕೆಟ್ಟ ಮನಸ್ಸಿನಿಂದಲ್ಲ, ಅಂದಳು: “ನಿಮ್ಗೇನೂ ಆಗಿಲ್ಲ ಬಿಡವ್ವ.”

ನಮ್ಮ ಜೊತೆ ಬಂದಿದ್ದ ನಿಮ್ಮಪ್ಪ ಬಾಗಿಲ ಬಳಿಯಿಂದಲೇ ಚಿತ್ರ ನೋಡಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಬಿಟ್ಟರು.

ಆ ಸಂಜೆ ನನಗೆ ನಿಜಕ್ಕೂ ಏನೂ ಆಗಿರಲಿಲ್ಲವೇ ಎಂದು ಅವತ್ತಿನಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಎಂಟನೇ ವಯಸ್ಸಿನಲ್ಲಿ ನಮ್ಮಪ್ಪ ನನ್ನನ್ನು ಹಾಸ್ಟೆಲಿಗೆ ಬಿಟ್ಟಾಗ, ಅಲ್ಲಿ ಊಟದ ಹೊತ್ತಿನಲ್ಲಿ ಅತ್ತವರು ತಟ್ಟೆ ಹಿಡಿದು ಹೊರಗೆ ನಿಲ್ಲಬೇಕಿತ್ತು. ಏನನ್ನೂ ತೋರಿಸದಿರುವುದನ್ನು ನನ್ನ ಮುಖ ಒಂದು ತಿಂಗಳಲ್ಲಿ ಕಲಿತುಬಿಟ್ಟಿತು. ಆ ಸಂಜೆಯೂ ಏಳು ಲೋಟ ಕಾಫಿ ಕೊಟ್ಟೆ, ಒಂದು ತೊಟ್ಟು ಚೆಲ್ಲಲಿಲ್ಲ. ಎಷ್ಟು ಗಟ್ಟಿ ಮನಸ್ಸು ಎಂದು ದೊಡ್ಡಪ್ಪ ಹೊಗಳಿದರು. ಪುಟ್ಟಿ ನನ್ನ ಸೆರಗು ಹಿಡಿದು “ನೀನೂ ಬತ್ತೀಯಾ?” ಎಂದು ಕೇಳಿದಳು. ಬೆಳಿಗ್ಗೆ ಬರುತ್ತೇನೆ ಎಂದೆ. ಮಾತು ಕೂಡ ತಡವರಿಸಲಿಲ್ಲ.

ಹಾಸ್ಟೆಲಿನ ಕಥೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆಯೇ? ಇರಬಹುದು. ಒಳಗೆ ಏನೋ ಇತ್ತು, ಮುಖಕ್ಕೆ ಬರಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ. ಈಗ ಹುಡುಕಿದರೆ ಕೈಗೇನೂ ಸಿಗುತ್ತಿಲ್ಲ. ದಿನಾ ತರೀಕೆರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹುಡುಕುತ್ತೇನೆ. ಶಾಲೆ ಬರುತ್ತದೆ, ಇಳಿದು ಪಾಠ ಮಾಡುತ್ತೇನೆ.

ಕೋರಿಕೆ ಇಷ್ಟೇ. ಪುಟ್ಟಿಗೆ ಕೊಡುವ ಮೊದಲು ನನ್ನ ಮುಖಕ್ಕೆ ಏನಾದರೊಂದು ಬಣ್ಣ ಹಚ್ಚು. ಯಾವುದು ಎಂದು ಕೇಳಬೇಡ, ನನಗೆ ತಿಳಿಯದು. ಅವಳು ಆ ಚಿತ್ರದ ಮುಂದೆ ನಿಂತಾಗ ತನ್ನನ್ನು ಹೆತ್ತವಳಿಗೆ ಏನೋ ಆಗಿತ್ತು ಎಂದುಕೊಳ್ಳಲಿ. ಅಮ್ಮ ಎಂದು ಕರೆಯುವುದೇನೂ ಬೇಡ.

ನಿನ್ನ
ಅಮ್ಮ

ಮರೆತದ್ದು: ಕಾಗದ ಮಡಚುವ ಮೊದಲು ನಿಮ್ಮಪ್ಪನಿಗೆ ಓದಿ ಹೇಳಿದೆ. ಎಲ್ಲ ಕೇಳಿ, “ಅದನ್ನ ಬರ್ದೇ ಇಲ್ವಲ್ಲೇ” ಅಂದರು. ಮರೆತದ್ದು ಎಂದು ಮೇಲೆ ಬರೆದದ್ದೂ ಸುಳ್ಳು. ದೊಡ್ಡಪ್ಪ ಕೇಳಿರಲಿಲ್ಲ, ಮಾದು. ಆ ಏಪ್ರಿಲಿನಲ್ಲಿ ನನಗೆ ಶಾಲೆಯ ಕೆಲಸದ ಆರ್ಡರು ಬಂದಿತ್ತು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಪುಟ್ಟಿಯನ್ನು ನೀವೇ ಕರೆದುಕೊಂಡು ಹೋಗಿ ಎಂದು ಪಂಚನಹಳ್ಳಿಗೆ ಕಾಗದ ಹಾಕಿದವಳು ನಾನು. ಅವರು ಅಂಗಳಕ್ಕೆ ಬಂದು ಕೂತ ಮೇಲೆಯೇ ನಿಮ್ಮಪ್ಪನಿಗೆ ಅದು ಗೊತ್ತಾದದ್ದು. ಅವರ ಮುಖದ ಕಪ್ಪು ಅದು. ನನ್ನದನ್ನು ಮುಟ್ಟಬೇಡ, ಹಾಗೆಯೇ ಕೊಡು. ತಟ್ಟೆ ಹಿಡಿದು ಬೀದಿ ನೋಡುತ್ತ ನಾನು ಅಲ್ಲಿ ಯೋಚಿಸುತ್ತಿದ್ದದ್ದು, ಜೂನಿನಿಂದ ಎಷ್ಟು ಗಂಟೆಯ ಬಸ್ಸು ಹಿಡಿಯಬೇಕು ಎಂದು.