ನೀಲಿಯೊಳಗಿನ ದಾರಿ

ಮಾರ್ಚ್ 6, ಶನಿವಾರ

58.2 ಕಿ.ಮೀ. ಏರು 640 ಮೀಟರ್. ಹಿಂದಿನ ಟೈರಿಗೆ ಗಾಳಿ ಸಾಲದು.

ಚಹಾ ತೋಟದ ಏರಿನಲ್ಲಿ ಮಂಜು. ಎದುರಿಗೆ ಏನೂ ಕಾಣದು. ಸೈಕಲ್ ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರಿನಲ್ಲಿ ಮಾತ್ರ ರಸ್ತೆ ಇತ್ತು. ಎಡಕ್ಕೆ ಅಂದರೆ ಎಡಕ್ಕೆ ತಿರುಗಿದೆ. ನಿದ್ದೆಗಣ್ಣಲ್ಲಿ ಯಾರದೋ ಬೆರಳು ಹಿಡಿದು ನಡೆದ ಹಾಗೆ.

ಸಂಜೆ ಐದಕ್ಕೆ ಮನೆ. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಹಾಕಿಕೊಂಡು, ಚೀಲ ಹಿಡಿದು.

"ಹೊತ್ತು ಮುಳುಗೋದ್ರೊಳಗೆ ಮನೆಗೆ ಹೋಗ್ಬೇಕು."

"ಇದೇ ಮನೆ ಅಮ್ಮ."

"ಇದು ನಿಮ್ಮನೆ" ಎಂದಳು, ಬಹಳ ಮರ್ಯಾದೆಯಿಂದ.

ಮಾರ್ಚ್ 14, ಭಾನುವಾರ

ಸವಾರಿ ಇಲ್ಲ. ಲಾನ್‌ಮೇ ಅಕ್ಕ ಝೋಂಗ್ಲಿಯಿಂದ ಬಂದಿದ್ದಳು. ಜೊತೆಗೆ ವೃದ್ಧರ ಆರೈಕೆ ಕೇಂದ್ರದ ಫಾರಂ.

ಗುರುವಾರ ನಡೆದದ್ದೇ ಕಾರಣ. ನಾನು ಶಾಲೆಯೊಂದರ ಎಸಿ ಬಿಚ್ಚುತ್ತ ಕುಳಿತಿದ್ದೆ. ಅಮ್ಮ ಬಸ್ ಸ್ಟಾಪಿಗೆ ಹೋಗಿದ್ದಳು. ಸಿಕ್ಕವರನ್ನೆಲ್ಲ ನಾಮ್‌ವೊಗೆ ಬಸ್ ಎಷ್ಟು ಗಂಟೆಗೆ ಅಂತ ಕೇಳಿದಳಂತೆ. ಅದು ಅವಳು ಮದುವೆಯಾಗಿ ಹೋದ ಊರು. ಜಲಾಶಯದಲ್ಲಿ ಮುಳುಗಿ ಅರವತ್ತು ವರ್ಷ.

"ಏಪ್ರಿಲ್ ಕೊನೇಗೆ ಒಂದು ಹಾಸಿಗೆ ಖಾಲಿ ಆಗುತ್ತೆ. ಸಹಿ ಹಾಕು" ಎಂದಳು ಅಕ್ಕ.

"ನೋಡೋಣ."

"ನೀನು ನೋಡ್ತಾನೇ ಇರು. ಅವ್ಳು ಲಾರಿ ಕೆಳಗೆ ಹೋದ್ಮೇಲೆ ಏನು ನೋಡ್ತೀಯೋ?"

ಸಹಿ ಹಾಕಲಿಲ್ಲ. ಫಾರಂ ಫ್ರಿಜ್ ಮೇಲಿದೆ.

ಮಾರ್ಚ್ 17

ಸೈಕಲ್ ಅಂಗಡಿಯ ಛಿಯು ಹೇಳಿದ ಸುದ್ದಿ: ಮಳೆ ಇಲ್ಲದೆ ಜಲಾಶಯ ಬತ್ತಿದೆ. ನಾಮ್‌ವೊ ಸೇತುವೆಯ ಕಂಬ ಮೇಲೆ ಬಂದಿದೆ. ಜನ ಫೋಟೋ ತೆಗೆಯಲು ಹೋಗುತ್ತಿದ್ದಾರೆ.

ಸಂಜೆ ಅಮ್ಮ ಬಾಗಿಲಿಗೆ ಬಂದಾಗ ಈ ಸಲ ತಡೆಯಲಿಲ್ಲ. "ದಾರಿ ಹೇಳು, ಬರ್ಕೋತೀನಿ" ಎಂದೆ. ಅಮ್ಮ ಕುಳಿತಳು! ಚಪ್ಪಲಿ ಬಿಡಲಿಲ್ಲ ಅಷ್ಟೆ.

ಸೇತುವೆ ದಾಟು. ಊರು ಕಾಯೋ ಭೂಮಿತಾತನ ಗುಡಿಗೆ ಕೈಮುಗಿ. ಗದ್ದೆ ಬದುವಿನ ಮೇಲೆ ನೂರು ಹೆಜ್ಜೆ. ಒಗೆಯೋ ಕಲ್ಲು. ಆಮೇಲೆ ಏರು, ಉಸಿರು ಕಟ್ಟೋವಷ್ಟಲ್ಲ. ಕರ್ಪೂರದ ಮರ.

ನನ್ನ ಹೆಸರು ಬೆಳಿಗ್ಗೆ ಎರಡು ಸಲ ಮರೆತಿದ್ದವಳು.

ಮಾರ್ಚ್ 19

ಫೋನಿನಲ್ಲಿ ರೂಟ್ ಹಾಕಲು ಕುಳಿತೆ. ಮ್ಯಾಪ್ ಒಪ್ಪುವುದಿಲ್ಲ. ಜಲಾಶಯದ ನೀಲಿಯ ಒಳಗೆ ಎಲ್ಲಿ ಬೆರಳಿಟ್ಟರೂ ಗೆರೆ ಹಾರಿ ದಡದ ರಸ್ತೆಗೇ ಅಂಟಿಕೊಳ್ಳುತ್ತದೆ. ಕೊನೆಗೆ ರಸ್ತೆಗೆ ಅಂಟಿಸುವ ಆಯ್ಕೆ ತೆಗೆದುಹಾಕಿ, ಬರೀ ಬೆರಳಲ್ಲಿ ಎಳೆದೆ. ಸೇತುವೆಯಿಂದ ಮರದವರೆಗೆ 1.9 ಕಿ.ಮೀ. ನೀರಿನ ನಟ್ಟನಡುವೆ.

ಛಿಯು ನೋಡಿ ನಕ್ಕ. "ಸೈಕಲ್‌ಗೆ ಬೆಲ್ ಬೇಡ ಕಣೋ ಹುಂಗ್, ದೋಣಿ ಹುಟ್ಟು ಕಟ್ಕೊಡ್ತೀನಿ."

ಮಾರ್ಚ್ 21, ಭಾನುವಾರ

ಹೋಗಿ ಬಂದೆ. 74 ಕಿ.ಮೀ.

ಹೇಗೆ ಬರೆಯಲಿ... ದಡದಿಂದ ಇಳಿದರೆ ಮಣ್ಣೆಲ್ಲ ಬಿರುಕು, ಆದರೆ ಗಟ್ಟಿ. ಒಳಗೆ ಹೋದಂತೆ ಹುಲ್ಲು. ಎಳೆ ಹಸಿರು, ಪಾದ ಮುಳುಗುವಷ್ಟು. ಅಲ್ಲಲ್ಲಿ ಒಣಗಿದ ಚಿಪ್ಪು, ಚಕ್ರದಡಿ ಪಟಪಟ ಒಡೆಯುತ್ತಿದ್ದವು. ಗಾಳಿ ಇಲ್ಲ. ಸದ್ದೆಲ್ಲ ದೂರದಿಂದ ಬಂದ ಹಾಗೆ.

ಪರದೆಯಲ್ಲಿ ನಾನು ನೀಲಿಯ ಮೇಲೆ ಹೋಗುತ್ತಿದ್ದೆ. ಎತ್ತರ 212 ಮೀಟರ್ ಅಂತ ತೋರಿಸಿತು. ಜಲಾಶಯ ತುಂಬಿದರೆ 245. ಅಂದರೆ ಈ ಹೊತ್ತಿಗೆ ನನ್ನ ತಲೆಯ ಮೇಲೆ ಮೂವತ್ತಮೂರು ಮೀಟರ್ ನೀರಿರಬೇಕಿತ್ತು. ಮೇಲೆ ನೋಡಿದೆ. ಅಷ್ಟೆತ್ತರದಲ್ಲಿ ಬಾನಾಡಿಗಳು ಮೀನಿನ ಹಾಗೆ ತಿರುಗುತ್ತಿದ್ದವು.

ಗುಡಿಯ ಅಡಿಪಾಯ ಸಿಕ್ಕಿತು. ಅಮ್ಮ ಹೇಳಿದಲ್ಲೇ. ಅಲ್ಲಿಂದಾಚೆ ಎಲ್ಲ ಒಂದೇ ಹುಲ್ಲುಗಾವಲು. ಒಗೆಯುವ ಕಲ್ಲು ಸಿಗಲಿಲ್ಲ. ಒಂದು ಬೊಡ್ಡೆ ಸಿಕ್ಕಿತು, ಕರ್ಪೂರದ ಮರವೇ ಇರಬೇಕು. ಅಲ್ಲಿ ಗುರುತು ಹಾಕಿ ಸೇವ್ ಮಾಡಿದೆ.

ಅಮ್ಮನಿಗೆ ಗೆರೆ ತೋರಿಸಿದೆ. ಪರದೆಯನ್ನು ಅಂಗಿಯ ತುದಿಯಿಂದ ಒರೆಸಿ ಒರೆಸಿ ನೋಡಿದಳು. "ಅವ್ಳು ಎದ್ದಿದ್ಲಾ?"

ಯಾರು ಅಂತ ಕೇಳಿದೆ. ಹೇಳಲಿಲ್ಲ.

ಏಪ್ರಿಲ್ 4, ಭಾನುವಾರ

ಹಿರಿಯರ ಸಮಾಧಿ ಗುಡಿಸುವ ದಿನ. ಅಪ್ಪನ ಸಮಾಧಿಯ ಹುಲ್ಲು ಕಿತ್ತೆವು. ಅಕ್ಕ ಹೆಸರು ಹೆಸರಾಗಿ ಧೂಪ ಹಚ್ಚಿದಳು. ಅಮ್ಮ ಕೊಡೆಯಡಿ ಕುಳಿತಿದ್ದವಳು ಇದ್ದಕ್ಕಿದ್ದಂತೆ ಅಂದಳು:

"ಅವ್ಳ ಹತ್ರ ಮಾತ್ರ ಯಾರೂ ಹುಲ್ಲು ಕೀಳಲ್ಲ."

"ಯಾರ ಹತ್ರ ಅಮ್ಮ?" ಅಕ್ಕನೇ ಕೇಳಿದಳು.

"ಮಗೂದು. ಹನ್ನೊಂದು ದಿನದ ಮಗು. ಮರದ ಬುಡದಲ್ಲಿಟ್ಟು ಬಂದ್ವಿ. ಊರು ಬಿಡೋವಾಗ ದೊಡ್ಡೋರ ಎಲುಬೆಲ್ಲ ಮಡಕೇಲಿ ತಗೊಂಡ್ ಬಂದ್ರು. ಅವ್ಳನ್ನ ಕರ್ಕೊಂಡ್ ಬರೋಣ ಅಂದೆ. ಕೂಸಿಗೆಲ್ಲ ಸಮಾಧಿ ಇಲ್ಲ ಅಂದ್ರು ನಿಮ್ಮಜ್ಜ. ನಿಮ್ಮಪ್ಪ ಬಾಯೇ ಬಿಡ್ಲಿಲ್ಲ." ಕೊಡೆ ಹಿಂದಕ್ಕೆ ಸರಿಸಿ, "ನೀರು ಬರೋ ದಿನ ನಾನು ಗುಡ್ಡದ ಮೇಲಿದ್ದೆ" ಎಂದಳು.

ಧೂಪ ಅಕ್ಕನ ಕೈಯಲ್ಲೇ ಉರಿದು ಬೆರಳಿಗೆ ತಾಕಿತು. ಕಾರಿನಲ್ಲಿ ಆ ಬೆರಳನ್ನು ನೀರಿನ ಬಾಟಲಿಗೆ ಒತ್ತಿ ಹಿಡಿದಳು. ಆಮೇಲೆ, "ಐವತ್ತೇಳು ವರ್ಷ ನಾನೇ ದೊಡ್ಡೋಳು ಅಂತ ಮೆರೆದೆ" ಎಂದಳು. ನಗಲು ನೋಡಿದಳು. ಆಗಲಿಲ್ಲ.

ಏಪ್ರಿಲ್ 5

ಅಕ್ಕನಿಗೆ ಫೋನ್. ಅಮ್ಮನನ್ನು ಆ ಮರದ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದೆ.

"ತಲೆ ಕೆಟ್ಟಿದ್ಯಾ? ಎಂಬತ್ಮೂರು ವರ್ಷ. ಬಿದ್ರೆ ಸೊಂಟ ಹೋಯ್ತು."

"ಕಾರು ದಡದವರೆಗೆ. ಅಲ್ಲಿಂದ ಸೈಕಲ್ ಮೇಲೆ."

ಫೋನ್ ಇಟ್ಟುಬಿಟ್ಟಳು.

ಏಪ್ರಿಲ್ 17

ಎಸಿ ಕೆಲಸ ಹೆಚ್ಚಿದೆ. ಎರಡು ವಾರ ಸವಾರಿ ಇಲ್ಲ.

ಛಿಯು ತನ್ನ ತಾಯಿ ಸಂತೆಗೆ ಒಯ್ಯುತ್ತಿದ್ದ ಹಳೆಯ ಸೈಕಲ್ ಕೊಟ್ಟ. ಅಗಲ ಟೈರು. ಹಿಂದೆ ಒರಗಿಕೊಳ್ಳುವ ಸೀಟು, ಕಾಲಿಡಲು ಹಲಗೆ, ಸೊಂಟಕ್ಕೆ ಪಟ್ಟಿ ಎಲ್ಲ ಅವನೇ ಕೂರಿಸಿದ. ಈ ಸಲ ತಮಾಷೆ ಮಾಡಲಿಲ್ಲ. ನನ್ನ ಕಂಪ್ಯೂಟರನ್ನು ಆ ತುಕ್ಕು ಹ್ಯಾಂಡಲಿಗೆ ತಾನೇ ಕಟ್ಟಿಕೊಟ್ಟ.

ರಾತ್ರಿ ಊಟದ ಹೊತ್ತಿಗೆ ಅಕ್ಕನ ಮೆಸೇಜು: ಬರೋ ಶನಿವಾರ ನಾನೂ ಬರ್ತೀನಿ. ಎಷ್ಟು ಗಂಟೆಗೆ?

ಏಪ್ರಿಲ್ 24, ಶನಿವಾರ

ಮರೆಯುವ ಮುಂಚೆ ಬರೆಯಬೇಕು.

ಬೆಳಿಗ್ಗೆ ಏಳೂವರೆ. ದಡದಲ್ಲಿ ಸರಪಳಿ, ಒಬ್ಬ ಕಾವಲುಗಾರ. "ಅಜ್ಜೀನ ಕೂರಿಸ್ಕೊಂಡು ಎಲ್ಲಿಗ್ರೀ?" ನಾನು ಬಾಯಿ ತೆಗೆಯುವ ಮೊದಲೇ ಅಮ್ಮ, "ಮನೆಗಪ್ಪ" ಎಂದಳು. ಅವನು ಅವಳ ಮುಖ ನೋಡಿದ. ಸರಪಳಿ ಇಳಿಸಿದ.

ಮಂಜಿತ್ತು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ನಾನು ತುಳಿಯುವುದು, ಅಕ್ಕ ಹಿಂದೆ ಸೀಟು ಹಿಡಿದು ಓಡುನಡಿಗೆ. ವೇಗ 5.8. ಅಮ್ಮನ ಎರಡು ಕೈ ನನ್ನ ಸೊಂಟದ ಸುತ್ತ. ಹಕ್ಕಿಯಷ್ಟು ಹಗುರ. ಗುಡಿಯ ಅಡಿಪಾಯ ಬಂದಾಗ ಕೈ ಬಿಟ್ಟು ಮುಗಿದಳು. ಅಕ್ಕ ಕೂಗಿಕೊಂಡಳು.

ಅಲ್ಲಿಂದ ನೂರು ಮೀಟರ್ ದಾಟಿರಬೇಕು.

"ಬಲಕ್ಕೆ."

"ದಾರಿ ನೇರಕ್ಕಿದೆ ಅಮ್ಮ."

"ಬಲಕ್ಕೆ ಕಣೋ!"

ತಿರುಗಿಸಿದೆ. ಕಂಪ್ಯೂಟರ್ ಬೀಪ್ ಬೀಪ್... ದಾರಿ ತಪ್ಪಿದೆ, ದಾರಿ ತಪ್ಪಿದೆ.

"ಅದ್ಯಾರು ಕೂಗ್ತಿರೋದು?"

"ದಾರಿ ತೋರ್ಸೋ ಮೆಶೀನು."

"ಅದಕ್ಕೇನು ಗೊತ್ತು? ನಮ್ಮೂರ್ದಾ ಅದು? ಸುಮ್ನಿರೋಕೆ ಹೇಳು."

ಸದ್ದು ಆಫ್ ಮಾಡಿದೆ. ಎಡ, ಆಮೇಲೆ ಓರೆಯಾಗಿ ಏರು. ಕಣ್ಣು ಮುಚ್ಚಿಯೇ ಹೇಳುತ್ತಿದ್ದಳು ಅಂತ ಅಕ್ಕ ಆಮೇಲೆ ಹೇಳಿದಳು. ಹುಲ್ಲಿನೊಳಗೆ ಚಕ್ರಕ್ಕೆ ಏನೋ ತಾಕಿತು. ಚಪ್ಪಟೆ ಕಲ್ಲು, ನಡುವೆ ಸವೆದದ್ದು. ಒಗೆಯುವ ಕಲ್ಲು. ಅಲ್ಲಿಂದ ಮೇಲೆ ಕಪ್ಪು ಬೊಡ್ಡೆ. ನಾನು ಗುರುತು ಹಾಕಿದ್ದ ಬೊಡ್ಡೆಯಿಂದ 140 ಮೀಟರ್ ಆಚೆ. ಬೇರೆ ಯಾವುದೋ ಮರ ನೋಡಿ ಬಂದಿದ್ದೆ ನಾನು.

ಅಮ್ಮನನ್ನು ಇಳಿಸಿದೆವು. ಮಂಡಿಯೂರಿದಳು. ಹುಲ್ಲು ಕೀಳಲು ಶುರು ಮಾಡಿದಳು. ನಾನು ಬಗ್ಗಿದರೆ ಕೈ ತಳ್ಳಿದಳು, "ನೀನು ಬೇಡ." ಅಕ್ಕ ಬಗ್ಗಿದಾಗ ತಳ್ಳಲಿಲ್ಲ. ಇಬ್ಬರೂ ಒಂದು ಮೊಳದಷ್ಟು ನೆಲ ಚೊಕ್ಕಟ ಮಾಡಿದರು. ಅತ್ತರು ಅಂತ ಬರೆಯಲಾರೆ. ಮಾತಾಡುತ್ತಿದ್ದರು, ನನಗೆ ಕೇಳದ ಹಾಗೆ. ಮಂಜು ಬಂದು ಸ್ವಲ್ಪ ಹೊತ್ತು ಇಬ್ಬರನ್ನೂ ಮುಚ್ಚಿತು. ಧ್ವನಿ ಮಾತ್ರ ಇತ್ತು, ನೀರಿನೊಳಗಿಂದ ಬಂದ ಹಾಗೆ.

ಅಮ್ಮ ತಲೆವಸ್ತ್ರ ಬಿಚ್ಚಿದಳು. ಎರಡು ಬೊಗಸೆ ಮಣ್ಣು ಹಾಕಿ ಮಡಿಸಿದಳು. ಮೊದಲು ಅಡಿಯಿಂದ, ಆಮೇಲೆ ಎಡ, ಆಮೇಲೆ ಬಲ. ಗಂಟು ಕಟ್ಟುವ ರೀತಿ ಅಲ್ಲ ಅದು.

ವಾಪಸು ಬರುವಾಗ ಒಂದೇ ಕೈ ನನ್ನ ಸೊಂಟಕ್ಕೆ, ಇನ್ನೊಂದರಲ್ಲಿ ಆ ತಲೆವಸ್ತ್ರ.

"ಮೆಲ್ಲಗೆ ಹೋಗೋ. ಕುಲುಕ್ಬೇಡ."

ವೇಗ 4.1. ಒಟ್ಟು 4.6 ಕಿ.ಮೀ. ಸೇವ್ ಮಾಡುವಾಗ ಸವಾರಿಗೆ ಹೆಸರು ಕೇಳಿತು. ಏನೂ ಬರೆಯಲಿಲ್ಲ.

ಏಪ್ರಿಲ್ 25

ಇಡೀ ದಿನ ನಿದ್ದೆ, ಅಮ್ಮನೂ ನಾನೂ. ಸಂಜೆ ಐದು ದಾಟಿತು. ಅಮ್ಮ ಬಾಗಿಲಿಗೆ ಬರಲಿಲ್ಲ.

ಏಪ್ರಿಲ್ 30

ಅಕ್ಕ ಕೇಂದ್ರಕ್ಕೆ ಫೋನ್ ಮಾಡಿದಳಂತೆ, ಹಾಸಿಗೆ ಬೇರೆಯವರಿಗೆ ಕೊಡಿ ಅಂತ. ನನಗೆ ಹೇಳಿದ್ದು ಇಷ್ಟೇ: "ಇನ್ಮೇಲೆ ಶುಕ್ರವಾರದಿಂದ ಭಾನುವಾರದವರೆಗೆ ನಾನಿರ್ತೀನಿ. ನೀನು ಹೋಗಿ ಸೈಕಲ್ ತುಳಿ, ಹೊಟ್ಟೆ ಬಂದಿದೆ."

ಮೇ 31

ನಿನ್ನೆಯಿಂದ ಮಳೆ. ಮೊದಲು ಧೂಳಿನ ವಾಸನೆ, ಆಮೇಲೆ ಧೋ ಅಂತ. ಜನ ಬಾಲ್ಕನಿಯಲ್ಲಿ ನಿಂತು ಚಪ್ಪಾಳೆ ತಟ್ಟಿದರು.

ನನಗೆ ಹೆದರಿಕೆ. ಅಮ್ಮ ಕಿಟಕಿಯ ಬಳಿ ಕುಳಿತು ನೋಡುತ್ತಿದ್ದಳು. ಆ ಮರದ ಬುಡಕ್ಕೆ ನೀರು ಏರುತ್ತಿದೆ ಅಂತ ಅವಳಿಗೆ ಹೊಳೆದರೆ? ಪಕ್ಕ ಕುಳಿತೆ. ನನ್ನ ಕಡೆ ತಿರುಗಿ ಅಂದಳು, "ಒಳ್ಳೇ ಮಳೆ. ಬಟ್ಟೆ ಒಳಗೆ ತಂದ್ಯಾ?"

ಜೂನ್ 6, ಭಾನುವಾರ, ಸಂಜೆ 5.20

ಮಳೆ ನಿಂತಿಲ್ಲ. ಸವಾರಿ ಇಲ್ಲ. ಟಿವಿಯಲ್ಲಿ ತೋರಿಸಿದರು, ಸೇತುವೆಯ ಕಂಬ ಕಾಣದು.

ಮಧ್ಯಾಹ್ನ ಅಕ್ಕ ಅಮ್ಮನ ಹಾಸಿಗೆಯ ಬಟ್ಟೆ ಒಗೆಯಲು ತೆಗೆಯಹೋದಳು. ದಿಂಬಿನ ಪಕ್ಕ ಮಣ್ಣಿನ ಆ ತಲೆವಸ್ತ್ರ, ಮೇಲೆ ಹೊದಿಕೆ, ಕೂಸಿಗೆ ಗಲ್ಲದವರೆಗೆ ಎಳೆದ ಹಾಗೆ. ಹಾಸಿಗೆ ಹಾಗೇ ಬಿಟ್ಟಳು.

ಈಗ ಅಡುಗೆಮನೆಯಲ್ಲಿ ಅಕ್ಕ ಛಿಯುವಿನ ಯಾವುದೋ ಮಾತು ಹೇಳಿ ಗಟ್ಟಿಯಾಗಿ ನಕ್ಕಳು. ಅಮ್ಮ ಕೋಣೆಯಿಂದ ಹೊರಬಂದಳು, ಬರಿಗಾಲಲ್ಲಿ. ತುಟಿಯ ಮೇಲೆ ಬೆರಳು.

"ಈಗಷ್ಟೇ ಮಲಗಿದಾಳೆ. ಮೆತ್ತಗೆ ಮಾತಾಡ್ರಿ ಇಬ್ರೂ."

ಅಕ್ಕ ಒಲೆ ಸಣ್ಣ ಮಾಡಿದಳು. ಪಾತ್ರೆಯನ್ನು ಎರಡು ಕೈಯಲ್ಲಿ ಇಳಿಸಿದಳು, ಸದ್ದಾಗದ ಹಾಗೆ. ನಾನು ಕುರ್ಚಿ ಎಳೆಯದೆ ಎತ್ತಿ ಇಟ್ಟೆ. ಅವಳಿಗೆ ಏನು ಹೆಸರಿಟ್ಟಿದ್ದೆ ಅಮ್ಮ ಅಂತ ಅಕ್ಕ ಪಿಸುಗುಟ್ಟಿ ಕೇಳುತ್ತಿದ್ದಾಳೆ. ಅಮ್ಮ ಅಕ್ಕನ ಕಿವಿಯ ಹತ್ತಿರ ಬಗ್ಗಿ—