ಹಬ್ಬಕ್ಕೆ ಮೊದಲು ಬಿಟ್ಟ ನೀರು

ನೆಲೆ ವರ್ಷ ನೂರಾ ಹದಿನೆಂಟು, ಕರಗುಕಾಲದ ಒಂಬತ್ತನೆಯ ದಿನ. ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಇನ್ನೂರ ತೊಂಬತ್ತೊಂದು.

ಕಾರಟಗಿಯಲ್ಲಿ ಮಣ್ಣಾದ ಹಿರಿಯರಿಗೆ, ಹೊಸ ಕಾರಟಗಿಯ ನೀರಗಂಟಿ ಹುಲಿಗೆವ್ವನ ನಮಸ್ಕಾರಗಳು. ಈ ಕಾಗದದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ನುಸುಳಿದರೆ ಕ್ಷಮಿಸಬೇಕು. ಹೆಪ್ಪುಗಟ್ಟುವ ನೆಲದ ಮೇಲೆ ಬದುಕಲು ನೀವು ಕೊಟ್ಟ ಕನ್ನಡ ಸಾಲದೆ ನಾವೇ ಒಂದಷ್ಟು ಕಟ್ಟಿಕೊಂಡೆವು.

ನಾವಿರುವುದು ಉತ್ತರದ ಒಂದು ಬಯಲಿನಲ್ಲಿ. ಇಲ್ಲಿ ಮರ ಕಡಿಮೆ, ಗಾಳಿ ಹೆಚ್ಚು. ವರ್ಷದ ಐದು ತಿಂಗಳು ನೆಲ ಎದೆಮಟ್ಟದ ಆಳದವರೆಗೆ ಹೆಪ್ಪುಗಟ್ಟಿರುತ್ತದೆ. ಜವೆಗೋಧಿಯ ರೊಟ್ಟಿ ತಟ್ಟುತ್ತೇವೆ. ಜೋಳದ ರೊಟ್ಟಿಯ ರುಚಿ ಬಲ್ಲವರು ಯಾರೂ ಉಳಿದಿಲ್ಲವಾದ್ದರಿಂದ ಹೋಲಿಸಿ ಮೂಗು ಮುರಿಯುವವರೂ ಇಲ್ಲ. ಗೋಡೆಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸುವುದು ನಮ್ಮ ದೊಡ್ಡ ಸುಖ. ಒಟ್ಟಿನಲ್ಲಿ ಚೆನ್ನಾಗಿದ್ದೇವೆ.

ಹೊಲ ಕೆಡಿಸುವ ಉಪ್ಪು, ಆ ಸವಳು ಮಾತ್ರ ನಮ್ಮ ಬೆನ್ನು ಬಿಟ್ಟಿಲ್ಲ. ನಿಮ್ಮ ಹೊಲಗಳಲ್ಲಿ ಅದು ಬೇಸಿಗೆಯ ಕಾವಿಗೆ ಏಳುತ್ತಿತ್ತಂತೆ. ಇಲ್ಲಿ ಚಳಿಗೆ ಏಳುತ್ತದೆ. ನೆಲ ಮೇಲಿನಿಂದ ಹೆಪ್ಪುಗಟ್ಟುತ್ತಾ ಬಂದಂತೆ ಕೆಳಗಿನ ನೀರು, ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ, ಆ ಮಂಜುಗಡ್ಡೆಯ ಕಡೆಗೆ ಏರುತ್ತದೆ. ಇದನ್ನು ನಾವು ಮೇಲ್ಸೆಳೆ ಎನ್ನುತ್ತೇವೆ. ನೀರಿನ ಜೊತೆ ಉಪ್ಪೂ ಬರುತ್ತದೆ. ಕರಗುಕಾಲದಲ್ಲಿ ಮೇಲಿನ ಒಂದು ಗೇಣು ಮೊದಲು ಕರಗುತ್ತದೆ. ಅಡಿಯಲ್ಲಿ ಇನ್ನೂ ಗಡ್ಡೆಯಿರುವುದರಿಂದ ನೀರಿಗೆ ಇಳಿಯಲು ದಾರಿಯಿಲ್ಲ. ಬಿಸಿಲು, ಗಾಳಿ ಸೇರಿ ನೀರನ್ನು ಕುಡಿದು ಉಪ್ಪನ್ನು ಬಿಟ್ಟು ಹೋಗುತ್ತವೆ. ಹೊಲಕ್ಕೆ ಸುಣ್ಣ ಬಳಿದಂತೆ ಕಾಣುವ ಅದಕ್ಕೆ ಬಿಳಿಮೈ ಎಂದು ಹೆಸರು.

ಇದಕ್ಕೆ ಮದ್ದೂ ಇದೆ. ಚಳಿಗೆ ಮುಂಚೆ ಹೊಲದಲ್ಲಿ ನೀರು ನಿಲ್ಲಿಸಿ, ಉಪ್ಪನ್ನು ಆಳಕ್ಕೆ ತೊಳೆದು, ಮೂರು ವಾರ ಬಸಿಯಲು ಬಿಟ್ಟು, ಮೇಲೆ ಹುಲ್ಲು ಹೊದಿಸುತ್ತೇವೆ. ಇದನ್ನು ನೆಲ ಮಲಗಿಸುವುದು ಎನ್ನುತ್ತೇವೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದಂದು ಮನೆಯ ಹಂಡೆ ತುಂಬುವಾಗಲೇ ಹೊಲವನ್ನೂ ತುಂಬಬೇಕೆಂದು ಮೊದಲು ಬಂದವರು ಕಟ್ಟಳೆ ಮಾಡಿದರು. ಕಟ್ಟಳೆಯೇನೋ ಚೆಂದದ್ದೇ. ಆದರೆ ಎರಡು ಮೂರು ವರ್ಷಕ್ಕೊಮ್ಮೆ ಹೊಲವೆಲ್ಲ ಬೆಳ್ಳಗಾಗುತ್ತಿತ್ತು. ಭಕ್ತಿ ಸಾಲಲಿಲ್ಲವೆಂದುಕೊಂಡು ಮುಂದಿನ ಹಬ್ಬಕ್ಕೆ ಇನ್ನಷ್ಟು ನೀರು ಬಿಡುತ್ತಿದ್ದೆವು. ನೂರು ವರ್ಷ ಹೀಗೆ ಮಾಡಿದ ಬುದ್ಧಿವಂತರು ನಾವು.

ನೆರೆಮನೆಯ ಯಮನೂರಪ್ಪ ಎಪ್ಪತ್ತು ದಾಟಿದವನು. ಅವನ ಮೂರು ಹೊಲಗಳಲ್ಲಿ ಎರಡು ಬಿಳಿಮೈಗೆ ಹಾಳಾಗಿದ್ದವು. ಮೂರನೆಯದೂ ಹೋದರೆ ಮಗಳ ಸಂಸಾರ ಕಟ್ಟಿಕೊಂಡು ಈ ಬಯಲು ಬಿಡಬೇಕಿತ್ತು. ಹೋದ ವರ್ಷ ಒಂದು ದಿನ ಪಂಚಾಂಗ ಹಿಡಿದು ಬಂದು ನನ್ನ ಕಟ್ಟೆಯ ಮೇಲೆ ಕೂತ. "ಹುಲಿಗೆವ್ವ, ಅಧಿಕಮಾಸ ಬಂದ ವರ್ಷನ ಹೊಲ ಕೆಡತಾವ ನೋಡು. ಹಬ್ಬ ಮುಂದಕ್ಕ ಹೋಕ್ಕೈತಿ, ಚಳಿ ಹೋಗಂಗಿಲ್ಲ. ಚಳಿಗೇನು ಪಂಚಾಂಗ ಓದಾಕ ಬರತೈತೇನು?" ಎಂದ.

ಅವನ ಮಾತು ಸರಿಯಾಗಿತ್ತು. ಅಂಥ ವರ್ಷ ನೀರು ಬಸಿಯುವ ಮೊದಲೇ ನೆಲ ಹೆಪ್ಪುಗಟ್ಟಿ, ನಾವು ಬಿಟ್ಟ ನೀರನ್ನೇ ಉಪ್ಪಿನ ಸಮೇತ ಮೇಲಕ್ಕೆ ಎಳೆದುಕೊಳ್ಳುತ್ತಿತ್ತು. ಹೋದ ವರ್ಷವೂ ಅಧಿಕಮಾಸ. ಹಬ್ಬಕ್ಕೆ ಮೊದಲೇ ನೀರು ಬಿಡುತ್ತೇನೆಂದಾಗ ಊರಿನವರು, "ಸತ್ತ ಹಿರ್ಯಾರು ಸಿಟ್ಟಾಗ್ತಾರ" ಎಂದರು. "ಸತ್ತವ್ರನ್ನ ನಾನು ಸಮಾಧಾನ ಮಾಡ್ತೀನಿ. ಯಮನೂರಪ್ಪ ಊರು ಬಿಟ್ರ ಯಾರು ತಿರುಗಿ ಕರಕೊಂಡು ಬರ್ತೀರಿ?" ಎಂದೆ. ಇಪ್ಪತ್ತಮೂರು ದಿನ ಮೊದಲೇ ಕೆರೆಯ ತೂಬು ಎತ್ತಿದೆ. ಹಬ್ಬದ ದಿನ ನನ್ನ ಮನೆಗೆ ಯಾರೂ ಬರಲಿಲ್ಲ. ಚಳಿಗಾಲವಿಡೀ ನನಗೆ ಹೆದರಿಕೆಯಿತ್ತು, ಯಾರಿಗೂ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಅವನ ಹೊಲದ ಹುಲ್ಲು ಸರಿಸಿದೆವು. ಮಣ್ಣು ಕಪ್ಪಗಿತ್ತು. ಯಮನೂರಪ್ಪ ತನ್ನ ಕಣ್ಣನ್ನು ನಂಬದೆ ಚಿಟಿಕೆ ಮಣ್ಣು ನಾಲಗೆಗಿಟ್ಟು ಚಪ್ಪರಿಸಿದ. ಆಮೇಲೆ "ಸಪ್ಪಗೈತಿ" ಎಂದ. ಮಗಳಿಗೂ ಒಂದು ಚಿಟಿಕೆ ಕೊಟ್ಟ. ನನಗೆ ಅಳು ಬಂತು, ಅತ್ತುಬಿಟ್ಟೆ.

ಹಿರಿಯರೇ, ನೀವು ಕೊಟ್ಟ ಹಬ್ಬವನ್ನು ನಾವು ಬಿಟ್ಟಿಲ್ಲ. ಹಂಡೆಗಳನ್ನು ಆ ದಿನವೇ ತುಂಬಿದ್ದೇವೆ. ಹೊಲದ ನೀರನ್ನು ಮಾತ್ರ ಇನ್ನು ಚಳಿಯನ್ನು ಕೇಳಿ ಬಿಡುತ್ತೇನೆ. ಇದಕ್ಕೆ ನಿಮ್ಮ ಒಪ್ಪಿಗೆ ಬೇಡುತ್ತಿದ್ದೇನೆ. ಸಿಗದಿದ್ದರೆ, ನಿಮ್ಮ ಸಿಟ್ಟು ನನ್ನೊಬ್ಬಳ ಮೇಲಿರಲಿ. ಯಮನೂರಪ್ಪ ನಾಳೆ ಬಿತ್ತುತ್ತಾನೆ.